ನಾನು ಅಳಿಸಿದ ಕಾಮೆಂಟುಗಳು

ಸುಮಾರು ಮೂವತ್ತು ವರ್ಷ ಪ್ರೋಗ್ರಾಂ ಬರೆದು ಹೋದ ವರ್ಷ ನಿವೃತ್ತನಾದೆ. ಈಗಷ್ಟೇ ಈ ಕೆಲಸಕ್ಕೆ ಸೇರುತ್ತಿರುವ ನಿಮಗೆ ಏನಾದರೂ ಹೇಳೋಣವೆಂದು ಕೂತರೆ, ನಾನು ಮಾಡಿದ ದೊಡ್ಡ ಕೆಲಸಗಳು ಒಂದೂ ನೆನಪಿಗೆ ಬರುವುದಿಲ್ಲ. ಕಂಪ್ಯೂಟರ್ ಓದದೆ ಬಿಡುವ ಸಾಲುಗಳೇ ಕಣ್ಣ ಮುಂದೆ ನಿಲ್ಲುತ್ತವೆ. ಅವುಗಳಿಗೆ ಕಾಮೆಂಟ್ ಎನ್ನುತ್ತೇವೆ. ಪ್ರೋಗ್ರಾಮಿನ ನಡುವೆ ಒಂದು ಗುರುತು ಹಾಕಿ ಅದರ ಮುಂದೆ ನಿಮಗೆ ತೋಚಿದ ಮಾತು ಬರೆಯಬಹುದು. ಯಂತ್ರ ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಆ ಮಾತು ಇರುವುದು ನಿಮ್ಮ ನಂತರ ಆ ಕುರ್ಚಿಯಲ್ಲಿ ಕೂರುವ ಮನುಷ್ಯನಿಗೆ. ಇಷ್ಟು ಚಿಕ್ಕ ವಿಷಯದಲ್ಲಿ ಒಬ್ಬ ಎಷ್ಟು ಸಣ್ಣವನಾಗಬಹುದು ಎಂಬುದು ನನಗೆ ಗೊತ್ತು.

ನಮ್ಮ ಕಂಪನಿ ಇದ್ದದ್ದು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಒಂದು ಲೇತ್ ವರ್ಕ್‌ಶಾಪಿನ ಮಹಡಿಯ ಮೇಲೆ. ಕೆಳಗೆ ಕಬ್ಬಿಣ ಕೊರೆಯಲು ಶುರುಮಾಡಿದರೆ ನಮ್ಮ ಮೇಜಿನ ಲೋಟದಲ್ಲಿದ್ದ ನೀರು ನಡುಗುತ್ತಿತ್ತು. ನಾವಿದ್ದದ್ದು ಹನ್ನೆರಡು ಜನ. ಸಣ್ಣ ಊರುಗಳ ಆಸ್ಪತ್ರೆಗಳಿಗೆ ತಂತ್ರಾಂಶ ಮಾಡಿಕೊಡುವುದು ನಮ್ಮ ಕೆಲಸ. ರಕ್ತ ಪರೀಕ್ಷೆಯ ಯಂತ್ರ ಕಳಿಸುವ ಫಲಿತಾಂಶವನ್ನು ಸರಿಯಾದ ರೋಗಿಯ ಹೆಸರಿಗೆ ಸೇರಿಸಿ ವರದಿ ಮುದ್ರಿಸಿಕೊಡುತ್ತಿತ್ತು ನಮ್ಮ ಪ್ರೋಗ್ರಾಂ. ಮಾಲೀಕರು ಅನಂತಯ್ಯನವರು. ಬಿಳಿ ಅಂಗಿ, ಜೇಬಿನಲ್ಲಿ ಪೆನ್ಸಿಲ್. ಪರದೆಯ ಮೇಲೆ ಓದಿದರೆ ತಲೆಗೆ ಹತ್ತುವುದಿಲ್ಲವೆಂದು ನಮ್ಮ ಪ್ರೋಗ್ರಾಮುಗಳನ್ನೆಲ್ಲ ಅಗಲವಾದ ಕಾಗದದ ಮೇಲೆ ಮುದ್ರಿಸಿಕೊಂಡು, ಕಿಟಕಿಯ ಪಕ್ಕ ಕೂತು ಓದುತ್ತಿದ್ದರು.

ಸೇರಿದ ಮೊದಲ ತಿಂಗಳು ನಾನು ಪ್ರತಿ ಸಾಲಿಗೂ ಒಂದೊಂದು ಕಾಮೆಂಟ್ ಬರೆದಿದ್ದೆ. ಎಣಿಕೆಗೆ ಒಂದು ಕೂಡಿಸುವ ಸಾಲಿನ ಪಕ್ಕದಲ್ಲಿ ‘ಇಲ್ಲಿ ಎಣಿಕೆಗೆ ಒಂದು ಕೂಡಿಸಲಾಗಿದೆ’ ಎಂದು. ಒಳ್ಳೆಯ ವಿದ್ಯಾರ್ಥಿಯ ಹಾಗೆ ಕಾಣುತ್ತೇನೆ ಎಂದುಕೊಂಡಿದ್ದೆ. ಅನಂತಯ್ಯನವರು ಎಲ್ಲರ ಎದುರು ಕರೆದರು.

“ಏನಯ್ಯಾ ನಾಗರಾಜ, ಬಾಗಿಲು ತೆಗೆದೆ, ಒಳಗೆ ಬಂದೆ, ಕುರ್ಚಿ ಎಳೆದೆ ಅಂತ ಬರ್ದಿದೀಯಲ್ಲ. ಅದು ನಂಗೂ ಕಾಣುತ್ತೆ. ಬಂದಿದ್ಯಾಕೆ, ಅದನ್ನ ಬರಿ.”

ಎಲ್ಲರೂ ನಕ್ಕರು. ಆ ಮಾತಿನಲ್ಲಿ ಈ ವಿದ್ಯೆಯ ಅರ್ಧ ಪಾಲು ಇತ್ತು ಎಂದು ಇವತ್ತು ಅನ್ನಿಸುತ್ತದೆ. ಅವತ್ತು ನನಗೆ ಕೇಳಿಸಿದ್ದು ನಗು ಮಾತ್ರ. ಆಮೇಲೆ ಕಾಮೆಂಟ್ ಬರೆಯುವುದನ್ನೇ ಬಿಟ್ಟೆ. ಹತ್ತು ಸಾಲಿನ ಕೆಲಸವನ್ನು ಎರಡು ಸಾಲಿಗೆ ಇಳಿಸುವುದು ಕಲಿತೆ. ‘ನಾಗರಾಜನ ಪ್ರೋಗ್ರಾಂ ನಾಗರಾಜನಿಗೇ ಅರ್ಥವಾಗಬೇಕು’ ಎಂದು ಜನ ಅಂದರೆ ಹೊಗಳಿಕೆ ಎಂದೇ ತಿಳಿದೆ. ಐದು ವರ್ಷ ಹಾಗೆ ನಡೆಯಿತು.

ಆಗ ಗಿರಿಜಾ ಬಂದಳು. ಗದಗದ ಕಡೆಯ ಹುಡುಗಿ. ವಿಜಯನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಕಲಿತದ್ದು ನನಗಿಂತ ಕಡಿಮೆ, ಕೆಲಸದ ವೇಗವೂ ನನಗಿಂತ ಕಡಿಮೆ. ಇದನ್ನು ನಾನು ಆಗ ದಿನಕ್ಕೆ ಹತ್ತು ಸಲ ನೆನಪಿಸಿಕೊಳ್ಳುತ್ತಿದ್ದೆ.

ಆಕೆ ಕಾಮೆಂಟುಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದಳು, ಇಂಗ್ಲಿಷ್ ಅಕ್ಷರಗಳಲ್ಲಿ, ತನ್ನೂರಿನ ಮಾತಿನಲ್ಲಿ. ನಾವೆಲ್ಲ ಕನ್ನಡದವರೇ ಆಗಿದ್ದರಿಂದ ಅನಂತಯ್ಯನವರು ಬೇಡ ಅನ್ನಲಿಲ್ಲ. ಒಂದು ಕಡೆ ರೋಗಿಯ ಹೆಸರಿಗೆ ಅರವತ್ತು ಅಕ್ಷರ ಜಾಗ ಬಿಟ್ಟಿದ್ದಳು. ಅದರ ಮೇಲೆ ಹೀಗಿತ್ತು: ‘ನಮ್ಮ ಕಡೆ ಮಂದಿ ತಮ್ಮ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೂರೂ ಹೇಳ್ತಾರ. ಜಾಗ ಉಳಸಾಕ ಹೋಗಿ ಯಾರ ಅಪ್ಪನ್ನೂ ಕಡೀಬ್ಯಾಡ್ರಿ.’

ಇದನ್ನು ಓದಿದ ದಿನ ಅನಂತಯ್ಯನವರು ಕಿಟಕಿಯ ಪಕ್ಕ ಕೂತು ಜೋರಾಗಿ ನಕ್ಕರು. ಕಾಗದ ಹಿಡಿದುಕೊಂಡು ಎಲ್ಲರ ಮೇಜಿಗೂ ಬಂದು ಓದಿ ಹೇಳಿದರು. ಐದು ವರ್ಷದಲ್ಲಿ ನನ್ನ ಪ್ರೋಗ್ರಾಂ ಓದಿ ಅವರು ಹುಬ್ಬು ಗಂಟಿಕ್ಕಿದ್ದನ್ನು ಕಂಡಿದ್ದೆ, ತಲೆ ಆಡಿಸಿದ್ದನ್ನು ಕಂಡಿದ್ದೆ. ನಕ್ಕಿದ್ದನ್ನು ಕಂಡಿರಲಿಲ್ಲ. ಎದೆಯಲ್ಲಿ ಸಣ್ಣಗೆ ಏನೋ ಉರಿಯಿತು. ಹಸಿವಿರಬೇಕು ಎಂದುಕೊಂಡೆ.

ಹಸಿವಲ್ಲ ಅದು. ಹೊಸದಾಗಿ ಸೇರಿದವರಿಗೆ ಕೆಲಸ ಹಂಚುವಾಗ ಎಲ್ಲರೂ ಗಿರಿಜಾ ಬರೆದ ಭಾಗವನ್ನೇ ಕೇಳುತ್ತಿದ್ದರು. ನನ್ನ ಭಾಗ ಸಿಕ್ಕಿದವರ ಮುಖ ಬಾಡುತ್ತಿತ್ತು. ಆಸ್ಪತ್ರೆಗಳಿಂದ ಫೋನ್ ಬಂದರೆ “ಗಿರಿಜಾ ಮೇಡಂ ಇದಾರಾ?” ಎನ್ನುತ್ತಿದ್ದರು. “ನಾನು ಸೀನಿಯರ್, ನಂಗೆ ಹೇಳಿ” ಅಂದರೆ “ಪರ್ವಾಗಿಲ್ಲ ಸಾರ್, ಆಮೇಲೆ ಮಾಡ್ತೀವಿ” ಎಂದು ಇಡುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತಾಗ ಆಕೆಯ ಪ್ರೋಗ್ರಾಮಿನ ತಪ್ಪುಗಳನ್ನು ಎಣಿಸಿ ಎಣಿಸಿ ಹೇಳುತ್ತಿದ್ದೆ. ನನ್ನ ಹೆಂಡತಿ ಸುಮಾ ಒಂದು ದಿನ ಸಾರು ಬಡಿಸುತ್ತ ಅಂದಳು: “ನಿಮ್ಗೆ ಆ ಹುಡುಗಿ ಮೇಲೆ ಹೊಟ್ಟೆಕಿಚ್ಚು ಕಣ್ರೀ. ಒಪ್ಕೊಂಡ್ಬಿಡಿ, ಊಟ ರುಚಿಯಾಗುತ್ತೆ.” ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಾಗಿಲ ಕಡೆ ಒಂದು ಕಣ್ಣಿಟ್ಟು ಗಿರಿಜಾಳ ಕಾಮೆಂಟುಗಳನ್ನು ಓದುತ್ತಿದ್ದೆ. ಆಕೆಗೆ ಇದು ಹೇಗೆ ಬರುತ್ತದೆ ಎಂದು ಕಂಡುಹಿಡಿಯಬೇಕಿತ್ತು. ಕಂಡದ್ದು ಇಷ್ಟೇ: ಆಕೆ ಆಸ್ಪತ್ರೆಗಳಿಗೆ ಹೋಗಿ ಕೂತಿರುತ್ತಿದ್ದಳು. ಪ್ರಯೋಗಾಲಯದ ನೆಲದ ಮೇಲೆ, ಪೆಟ್ಟಿಗೆಗಳ ಪಕ್ಕ, ಬುತ್ತಿ ಕಟ್ಟಿಕೊಂಡು. ಅಲ್ಲಿ ನೋಡಿದ್ದನ್ನು ಬರೆಯುತ್ತಿದ್ದಳು. ನಾನು ಹೋಗುತ್ತಿರಲಿಲ್ಲ. ಆಸ್ಪತ್ರೆಯ ವಾಸನೆ ನನಗಾಗದು.

ಹೋಗದೆಯೇ ಆಕೆಯ ಹಾಗೆ ಬರೆಯಲು ಒಮ್ಮೆ ಪ್ರಯತ್ನಪಟ್ಟೆ. ನಾವಿಬ್ಬರೂ ಸೇರಿ ಬರೆಯುತ್ತಿದ್ದ ಒಂದು ಕಡತದಲ್ಲಿ ವೈದ್ಯರ ಅಕ್ಷರದ ಬಗ್ಗೆ ತಮಾಷೆಯ ಕಾಮೆಂಟ್ ಒಂದನ್ನು ಅರ್ಧ ದಿನ ತಿದ್ದಿ ತಿದ್ದಿ ಬರೆದೆ. ನಾವು ಆಗ ಬಳಸುತ್ತಿದ್ದ ಪ್ರೋಗ್ರಾಂ ಭಾಷೆಯಲ್ಲಿ ಉದ್ದದ ಕಾಮೆಂಟಿಗೆ ಶುರುವಿನಲ್ಲಿ ಒಂದು ಗುರುತು, ಕೊನೆಯಲ್ಲಿ ಒಂದು ಗುರುತು ಹಾಕಬೇಕು. ತಮಾಷೆಯ ಭರದಲ್ಲಿ ಕೊನೆಯ ಗುರುತು ಮರೆತೆ. ಕಾಮೆಂಟ್ ಮುಗಿದಿಲ್ಲವೆಂದೇ ತಿಳಿದ ಯಂತ್ರ ಮುಂದಿನ ಹನ್ನೊಂದು ಸಾಲುಗಳನ್ನೂ ಕಾಮೆಂಟೆಂದು ದಾಟಿಕೊಂಡು ಹೋಯಿತು. ಗಿರಿಜಾಳ ಕಾಮೆಂಟಿನ ಕೊನೆಯ ಗುರುತು ಸಿಕ್ಕಿದ ಮೇಲೆಯೇ ಅದು ನಿಂತದ್ದು. ತಪ್ಪು ಎಂದು ಎಲ್ಲಿಯೂ ತೋರಿಸಲಿಲ್ಲ. ಆ ಹನ್ನೊಂದು ಸಾಲುಗಳ ಕೆಲಸ ವರದಿಯ ಕೆಳಗೆ ವೈದ್ಯರ ಹೆಸರು ಮುದ್ರಿಸುವುದು. ಒಂದು ವಾರ ಮೂರು ಆಸ್ಪತ್ರೆಗಳಲ್ಲಿ ಹೆಸರಿಲ್ಲದ ವರದಿಗಳು ಹೋದವು.

ಕಂಡುಹಿಡಿದವಳು ಗಿರಿಜಾ. ನನ್ನ ಮೇಜಿಗೆ ಬಂದು ಯಾರಿಗೂ ಕೇಳಿಸದ ಹಾಗೆ ಹೇಳಿದಳು: “ಸರ, ಕಾಮೆಂಟ್ ಛಲೋ ಐತ್ರಿ. ಆದ್ರ ಬಾಗಲಾ ಹಾಕೋದು ಮರ್ತೀರಿ. ನಾ ಹಾಕೀನಿ, ಬಿಡ್ರಿ.”

ಅನಂತಯ್ಯನವರಿಗೆ ಆಕೆ ಹೇಳಲಿಲ್ಲ. ಅದಕ್ಕಾಗಿ ನಾನು ಕೃತಜ್ಞನಾಗಬೇಕಿತ್ತು. ನನಗೆ ಬಂದದ್ದು ಇನ್ನಷ್ಟು ಉರಿ. ಬೈದಿದ್ದರೆ ಸರಿಸಮ ಆಗುತ್ತಿದ್ದೆವು.

ಹೀಗೆ ವರ್ಷಗಳು ಕಳೆದವು. ಅನಂತಯ್ಯನವರಿಗೆ ವಯಸ್ಸಾಯಿತು, ದಿನದ ಉಸ್ತುವಾರಿ ನನ್ನ ಕೈಗೆ ಬಂತು. ಹಳೆಯ ಪ್ರೋಗ್ರಾಮುಗಳನ್ನೆಲ್ಲ ಹೊಸ ಕಂಪ್ಯೂಟರ್ ಭಾಷೆಗೆ ತರುವ ಕೆಲಸ ಶುರುವಾಯಿತು. ಇನ್ನು ಮುಂದೆ ಯಾರು ಯಾವ ಸಾಲು ಬದಲಾಯಿಸಿದರು ಎಂದು ತಾನೇ ಬರೆದಿಟ್ಟುಕೊಳ್ಳುವ ವ್ಯವಸ್ಥೆಯೂ ಬರುವುದಿತ್ತು. ನಿಮಗೆ ಅದು ಮೊದಲ ದಿನದಿಂದ ಇರುತ್ತದೆ. ನಮಗೆ ಆಗ ಹೊಸದು.

ನಾನು ಒಂದು ನಿಯಮ ಹೊರಡಿಸಿದೆ. ಒಳ್ಳೆಯ ಪ್ರೋಗ್ರಾಮಿಗೆ ಕಾಮೆಂಟ್ ಬೇಕಿಲ್ಲ, ಓದಿದರೇ ಅರ್ಥವಾಗಬೇಕು. ಇನ್ನು ಬೇರೆ ರಾಜ್ಯದವರೂ ಕೆಲಸಕ್ಕೆ ಬರುತ್ತಾರೆ, ಕನ್ನಡದಲ್ಲಿ ಬರೆದದ್ದು ಇರಕೂಡದು. ಕೇಳುವುದಕ್ಕೆ ಎರಡೂ ನ್ಯಾಯವಾದ ಮಾತೇ. ನ್ಯಾಯವೇ ನನ್ನ ಉದ್ದೇಶವಾಗಿದ್ದರೆ ಆಕೆಯ ಕಾಮೆಂಟುಗಳನ್ನು ಇಂಗ್ಲಿಷಿಗೆ ತಿರುಗಿಸಿ ಎಂದು ಹೇಳುತ್ತಿದ್ದೆ. ಹೇಳಲಿಲ್ಲ. ಗಿರಿಜಾ ತಮ್ಮನ ಮದುವೆಗೆಂದು ಊರಿಗೆ ಹೋಗಿದ್ದ ಒಂದು ಶನಿವಾರ ಮಧ್ಯಾಹ್ನ, ಒಬ್ಬನೇ ಕೂತು ಒಂದೊಂದಾಗಿ ಅಳಿಸಿದೆ. ಹತ್ತು ವರ್ಷದ ಮಾತುಗಳು. ಕೆಲವನ್ನು ಅಳಿಸುವಾಗ ನಗು ಬರುತ್ತಿತ್ತು, ಅಷ್ಟು ಚೆನ್ನಾಗಿದ್ದವು. ನಗುತ್ತಲೇ ಅಳಿಸಿದೆ. ಹಾಗೆ ಬೋಳಾದ ಕಡತಗಳನ್ನು ಹೊಸ ವ್ಯವಸ್ಥೆಗೆ ಸೇರಿಸಿದೆ. ಅಲ್ಲಿಂದ ಮುಂದಿನದಕ್ಕೆ ಲೆಕ್ಕ ಉಂಟು, ಹಿಂದಿನದಕ್ಕೆ ಇಲ್ಲ. ಅನಂತಯ್ಯನವರು ಮುದ್ರಿಸಿಕೊಂಡಿದ್ದ ಹಳೆಯ ಕಾಗದಗಳು ಎಂದೋ ರದ್ದಿಗೆ ಹೋಗಿದ್ದವು.

ಗಿರಿಜಾ ಮದುವೆಯ ಲಾಡು ತಂದುಕೊಟ್ಟಳು. ಹಳೆಯವನ್ನು ಅಳಿಸಿದ್ದು ನಾನು ಹೇಳಲಿಲ್ಲ; ಇನ್ನು ಮುಂದೆ ಕಾಮೆಂಟ್ ಬೇಡವೆಂಬ ನಿಯಮ ಕೇಳಿ “ಹೌದ್ರಿ?” ಎಂದಳು, ಅಷ್ಟೇ. ಆಕೆಯನ್ನು ನಾನು ಬೇರೆ ಕೆಲಸಕ್ಕೆ ಹಾಕಿದ್ದೆ. ಹಳೆಯ ಕಡತಗಳನ್ನು ತೆರೆದು ನೋಡುವ ಸಂದರ್ಭ ಆಕೆಗೆ ಬರಲಿಲ್ಲ.

ಅವು ಪ್ರವೀಣನ ಕೈಗೆ ಹೋದವು. ಪ್ರವೀಣ ಆಗ ಸೇರಿ ನಾಲ್ಕು ತಿಂಗಳಾಗಿತ್ತು. ಬ್ಯಾಡರಹಳ್ಳಿಯಿಂದ ಬರುತ್ತಿದ್ದ, ಚುರುಕು, ಏನೇ ಅನುಮಾನ ಬಂದರೂ ಕೇಳುತ್ತಿದ್ದ. ಒಂದು ದಿನ ಬೆಳಗ್ಗೆ ನನ್ನ ಮೇಜಿಗೆ ಬಂದ.

“ಸಾರ್, ಇಲ್ಲೊಂದು ಲೈನ್ ಇದೆ. ಮೆಷಿನ್ ಆನ್ ಆದ್ಮೇಲೆ ಬರೋ ಫಸ್ಟ್ ರಿಸಲ್ಟನ್ನ ಎಸೀತಾ ಇದೆ. ಯಾಕೆ ಅಂತ ಗೊತ್ತಾಗ್ತಿಲ್ಲ. ಒಬ್ಬ ಪೇಷೆಂಟ್ ರಿಸಲ್ಟ್ ಸುಮ್ನೆ ಲಾಸ್ ಆಗಲ್ವಾ? ತೆಗ್ದುಬಿಡ್ಲಾ?”

ಆ ಸಾಲಿನ ಮೇಲೆ ಒಂದು ಕಾಮೆಂಟ್ ಇತ್ತು ಎಂಬುದು ನನಗೆ ಆ ಕ್ಷಣ ನೆನಪಾಯಿತು. ಉದ್ದನೆಯದು. ಕರೆಂಟಿನ ಬಗ್ಗೆ ಏನೋ. ಪೂರ್ತಿ ನೆನಪಾಗಲಿಲ್ಲ. ಗಿರಿಜಾ ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತಿದ್ದಳು. ಎದ್ದು ಹೋಗಿ ಕೇಳಿದ್ದರೆ ಒಂದು ನಿಮಿಷದ ಮಾತು. ಆದರೆ ಕೇಳಬೇಕಾದರೆ ಕಾಮೆಂಟ್ ಎಲ್ಲಿ ಹೋಯಿತು ಎಂದು ಆಕೆ ಕೇಳುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಆಕೆಯ ಕಾಮೆಂಟ್ ಬೇಕಾಯಿತು ಎಂದು ನಾನೇ ಒಪ್ಪಿಕೊಂಡಂತೆ ಆಗುತ್ತಿತ್ತು.

“ತೆಗಿ ಮಾರಾಯಾ, ಏನೂ ಆಗಲ್ಲ” ಎಂದೆ.

ಮೂರು ವಾರದ ನಂತರ ಒಂದು ತಾಲ್ಲೂಕಿನ ಖಾಸಗಿ ಆಸ್ಪತ್ರೆಯಲ್ಲಿ ಬೆಳಗ್ಗೆ ಕರೆಂಟ್ ಹೋಗಿ ಬಂತು. ರಕ್ತ ಪರೀಕ್ಷೆಯ ಯಂತ್ರ ಮತ್ತೆ ಚಾಲೂ ಆಯಿತು. ಆ ಮಾದರಿಯ ಯಂತ್ರಕ್ಕೆ ಒಂದು ಕೆಟ್ಟ ಚಾಳಿ: ನಿಂತು ಶುರುವಾದಾಗಲೆಲ್ಲ ಕೊನೆಯ ರೋಗಿಯ ಫಲಿತಾಂಶವನ್ನೇ ಇನ್ನೊಮ್ಮೆ ಕಳಿಸುತ್ತಿತ್ತು. ಮೊದಲ ಫಲಿತಾಂಶವನ್ನು ಗಿರಿಜಾ ಎಸೆಯುತ್ತಿದ್ದದ್ದು ಇದೇ ಕಾರಣಕ್ಕೆ. ಈಗ ಎಸೆಯುವವರಿಲ್ಲ. ಹಿಂದಿನ ರೋಗಿಯ ವಿಪರೀತ ಸಕ್ಕರೆಯ ಅಂಕಿ, ಸಾಲಿನಲ್ಲಿ ಮುಂದೆ ಇದ್ದ ಹೆಂಗಸಿನ ಹೆಸರಿಗೆ ಕೂತುಬಿಟ್ಟಿತು. ಆಕೆ ಬರಿ ತಪಾಸಣೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದಿದ್ದವಳು. ವರದಿ ನೋಡಿದ ವೈದ್ಯರು ಇನ್ಸುಲಿನ್ ಕೊಡಲು ಹೇಳಿದರು.

ಸೂಜಿ ಹಿಡಿದ ನರ್ಸ್‌ಗೆ ಅನುಮಾನ ಬಂತು. ಇಷ್ಟು ಸಕ್ಕರೆ ಇರುವವಳು ಹೀಗೆ ಲವಲವಿಕೆಯಿಂದ ಮಗಳ ಸೀಮಂತದ ಕಥೆ ಹೇಳುತ್ತಾಳೆಯೇ ಎಂದು. ಬೆರಳು ಚುಚ್ಚಿ, ಸಣ್ಣ ಮೀಟರಿನಲ್ಲಿ ಇನ್ನೊಮ್ಮೆ ನೋಡಿದಳು. ಸರಿಯಾಗಿತ್ತು. ಸೂಜಿ ಕೆಳಗಿಟ್ಟಳು. ಆ ನರ್ಸ್ ಹೆಸರು ನನಗೆ ಗೊತ್ತಿಲ್ಲ. ಆಕೆ ಗಡಿಬಿಡಿಯಲ್ಲಿದ್ದಿದ್ದರೆ ನಾನು ಇದನ್ನು ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಅದೇ ಮಧ್ಯಾಹ್ನ ಅನಂತಯ್ಯನವರು ನಮ್ಮ ಮೂವರನ್ನೂ ಒಳಗೆ ಕರೆದರು. ಆಸ್ಪತ್ರೆಯಿಂದ ಫೋನ್ ಬಂದಿತ್ತು.

“ಗಿರಿಜಾ, ಇದು ನೀನು ಬರೆದಿದ್ದ ಭಾಗ ಅಲ್ವೇನಮ್ಮಾ?”

“ಹೌದ್ರಿ ಸರ. ಅಲ್ಲೆ ಮೊದಲನೇ ರಿಸಲ್ಟ್ ಒಗಿಬೇಕಂತ ಒಂದು ಸಾಲು ಐತ್ರಿ. ಅದರ ಮ್ಯಾಲೆ ಕಾಮೆಂಟ್ ಬರ್ದೀನಿ. ಎರಡು ದಿನ ಅಲ್ಲೇ ಕುಂತು ನೋಡಿ ಬರ್ದದ್ದು.”

ತೆರೆದು ನೋಡಿದರು. ಸಾಲೂ ಇರಲಿಲ್ಲ, ಕಾಮೆಂಟೂ ಇರಲಿಲ್ಲ. ಸಾಲು ತೆಗೆದದ್ದು ಪ್ರವೀಣ ಎಂದು ವ್ಯವಸ್ಥೆ ಹೇಳಿತು. ತೆಗೆಯುವ ಮೊದಲು ಆ ಸಾಲು ಹೇಗಿತ್ತು ಎಂದೂ ತೋರಿಸಿತು. ಮೇಲೆ ಏನೂ ಬರೆದಿರಲಿಲ್ಲ.

ಗಿರಿಜಾ ಪರದೆಯನ್ನೇ ನೋಡುತ್ತ ನಿಂತಳು. “ನಾ ಬರ್ದಿದ್ದೆ...” ಎಂದವಳು, ಸ್ವಲ್ಪ ಹೊತ್ತಿನ ಮೇಲೆ “ಬರ್ದಿದ್ದೆ ಅಂತ ಅನಸ್ತೈತ್ರಿ” ಎಂದಳು.

ನಿಯಮ ನನ್ನದೇ. ಅದರಂತೆ ಅಳಿಸಿದೆ ಎಂದು ಅಲ್ಲೇ ಹೇಳಬಹುದಿತ್ತು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಓದದೆ ಅಳಿಸಿದೆಯಾ, ಓದಿ ಅಳಿಸಿದೆಯಾ?

ಪ್ರವೀಣ ನನ್ನ ಕಡೆ ತಿರುಗಿದ. “ನಾನು ನಾಗರಾಜ್ ಸಾರ್‌ನ ಕೇಳಿದೆ ಸಾರ್. ತೆಗಿ ಅಂದ್ರು.”

ಅನಂತಯ್ಯನವರು ನನ್ನನ್ನು ನೋಡಿದರು.

“ನಂಗೆ ನೆನಪಿಲ್ಲ ಸಾರ್” ಎಂದೆ.

ಪ್ರವೀಣ ಮುಂದಿನ ತಿಂಗಳು ಕೆಲಸ ಬಿಟ್ಟ. ಅವನನ್ನು ಯಾರೂ ಹೋಗು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಎಂಟು ತಿಂಗಳು ಅವನಿಗೆ ಬೇರೆ ಕೆಲಸ ಸಿಗದೆ ಮಾಗಡಿ ರಸ್ತೆಯಲ್ಲಿ ಭಾವನ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದ ಎಂದು ಆಮೇಲೆ ಕೇಳಿದೆ. ಗಿರಿಜಾ ಇನ್ನೊಂದು ವರ್ಷ ಇದ್ದಳು. ಆ ವರ್ಷ ಆಕೆ ಬರೆದದ್ದನ್ನು ಮೂರು ಮೂರು ಸಲ ತೆರೆದು ನೋಡುತ್ತಿದ್ದಳು, ಉಳಿಸಿ ಮತ್ತೆ ತೆರೆಯುತ್ತಿದ್ದಳು. ಕೆಲಸ ನಿಧಾನವಾಯಿತು. ಆಮೇಲೆ ಆಕೆಯೂ ಹೋದಳು. ಅನಂತಯ್ಯನವರು ತೀರಿಕೊಂಡರು. ಹೊಸಬರಿಗೆ ಆರಿಸಿಕೊಳ್ಳಲು ಏನೂ ಉಳಿಯಲಿಲ್ಲ, ಗಿರಿಜಾಳ ಭಾಗಗಳೂ ಈಗ ನನ್ನವುಗಳಷ್ಟೇ ಬೋಳು.

ಈಗ ಕಾಲ ಬದಲಾಗಿದೆ. ನೀವು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಮುಂದೆ ಹೋಗುವುದಿಲ್ಲ. ಕಾಮೆಂಟನ್ನೂ ಯಂತ್ರವೇ ಬರೆದುಕೊಡುತ್ತದೆ, ಚೊಕ್ಕವಾಗಿ, ತಪ್ಪಿಲ್ಲದೆ. ನನ್ನ ಕೊನೆಯ ವರ್ಷಗಳಲ್ಲಿ ನಾನೂ ಬರೆಸಿದ್ದೇನೆ. ಸಾಲು ಏನು ಮಾಡುತ್ತದೆ ಎಂದು ಅದು ಚೆನ್ನಾಗಿ ಹೇಳುತ್ತದೆ. ಆದರೆ ಆ ಪ್ರಯೋಗಾಲಯದ ನೆಲದ ಮೇಲೆ ಎರಡು ದಿನ ಅದು ಕೂತಿರುವುದಿಲ್ಲ. ಕೂತವರು ನೀವಾಗಿದ್ದರೆ ಅಷ್ಟನ್ನು ನೀವೇ ಬರೆಯಿರಿ. ಬೇರೆಯವರು ಕೂತಿದ್ದರೆ, ಅವರು ಬರೆದದ್ದನ್ನು ಮುಟ್ಟುವ ಮೊದಲು ಅವರ ಮೇಜಿಗೆ ನಡೆದುಹೋಗಿ.

ನಿವೃತ್ತನಾದ ಮೇಲೆ ಒಂದು ಸಂಜೆ ವಿಜಯನಗರ ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆ ಯಾರೋ “ನಾಗರಾಜ ಸರ!” ಎಂದು ಕೂಗಿದರು. ಗಿರಿಜಾ. ಕೂದಲು ನರೆತಿತ್ತು, ದನಿ ಅದೇ. ಕೆಂಗೇರಿ ಉಪನಗರದಲ್ಲಿ ಮನೆ, ಹೊಸಬರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ ಎಂದಳು. “ಮನಿಗೆ ಬರ್ರಿ ಸರ, ಅಕ್ಕಾರನ್ನೂ ಕರ್ಕೊಂಡು ಬರ್ರಿ.”

ಸುಮಾಳಿಗೆ ಹೇಳಿದೆ. ಅಳಿಸಿದ ವಿಷಯವನ್ನೂ ಮೊದಲ ಸಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, “ನಾನ್ ಬರಲ್ಲ. ನೀವೊಬ್ರೇ ಹೋಗಿ, ಹೇಳಿ ಬನ್ನಿ” ಎಂದಳು.

ಹೋದೆ. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಏಳೆಂಟು ಜನ ಹುಡುಗಿಯರು. ಹೆಚ್ಚಿನವರು ಕಲಬುರಗಿ, ಕೊಪ್ಪಳದ ಕಡೆಯಿಂದ ಬಂದು ಅನ್ನಪೂರ್ಣೇಶ್ವರಿ ನಗರದ ಪೀಜಿಗಳಲ್ಲಿ ಇರುವವರು. ಪಾಠ ಮುಗಿದಿತ್ತು, ಆದರೂ ಒಬ್ಬಳೂ ಏಳುವಂತೆ ಕಾಣಲಿಲ್ಲ. ಏನೋ ಹೇಳಿ ನಗುತ್ತಿದ್ದರು. ನಾನು ಹದಿನೈದು ವರ್ಷ ಜನರಿಗೆ ಕೆಲಸ ಕಲಿಸಿದ್ದೇನೆ. ಗಂಟೆ ಹೊಡೆದ ಮೇಲೆ ನನ್ನ ಎದುರು ಯಾರೂ ಕೂತಿರಲಿಲ್ಲ. ಕ್ಷಮೆ ಕೇಳಲು ಬಂದವನ ಎದೆಯಲ್ಲೂ ಅದೇ ಹಳೆಯ ಉರಿ ಎದ್ದಿತು. ನಾಚಿಕೆಯಾಯಿತು.

ಅವರು ಹೋದ ಮೇಲೆ ಗಿರಿಜಾ ಚಹಾ ತಂದಿಟ್ಟಳು. ನಾನು ಲೋಟ ಮುಟ್ಟದೆ ಎಲ್ಲವನ್ನೂ ಹೇಳಿದೆ. ಶನಿವಾರ ಮಧ್ಯಾಹ್ನ, ಅಳಿಸಿದ್ದು, ಪ್ರವೀಣನಿಗೆ ಹೇಳಿದ್ದು, ನೆನಪಿಲ್ಲ ಎಂದದ್ದು. ಹೊಟ್ಟೆಕಿಚ್ಚು ಎಂಬ ಮಾತನ್ನೂ ಆಡಿದೆ.

 ಗಿರಿಜಾ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹಾಗೆ ಅನ್ನಲಿಲ್ಲ.

“ನಾ ಬರ್ದಿರಲಿಲ್ಲ ಅಂತ ತಿಳ್ಕೊಂಡಿದ್ನೆಲ್ರಿ” ಎಂದಳು. “ಇಷ್ಟು ವರ್ಷ. ಎರಡು ದಿನ ಕುಂತು ನೋಡಿದ್ದು ಖರೇನ, ಬರ್ದದ್ದು ನನ್ನ ಭ್ರಮಾ ಅಂತ. ನನ್ನ ತಲಿ ಮ್ಯಾಲೆ ನನಗ ನಂಬಿಗಿ ಹೋಗಿತ್ರಿ ಸರ. ಅದಕ್ಕ ಆ ಕೆಲಸ ಬಿಟ್ಟೆ.”

 ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಪ್ರವೀಣಗ ಹೇಳೀರೇನು?”

“ಇಲ್ಲ. ನಂಬರ್ ಇಲ್ಲ.”

“ನನ್ನ ಹತ್ರ ಐತಿ. ಪ್ರತಿ ಹಬ್ಬಕ್ಕೂ ಮೆಸೇಜ್ ಮಾಡ್ತಾನ.” ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ಇಬ್ಬರಿಗೂ ಕೇಳಿಸುವ ಹಾಗೆ ಸ್ಪೀಕರ್ ಹಾಕಿದ್ದಳು.

ಪ್ರವೀಣ “ಹೇಳಿ ಮೇಡಂ” ಎಂದ. ನಾನು ಹೆಸರು ಹೇಳಿದೆ.  ಇನ್ನೊಮ್ಮೆ ಎಲ್ಲವನ್ನೂ ಹೇಳಿದೆ. ಎರಡನೆಯ ಸಲ ಸುಲಭವಾಗಲಿಲ್ಲ.

“ನೀವು ತೆಗಿ ಅಂದಿದ್ದು ನಂಗೆ ಗೊತ್ತಲ್ಲ ಸಾರ್” ಎಂದ, ಮುಗಿದ ಮೇಲೆ. “ನಾನೇ ಅಲ್ವಾ ಕೇಳಿದ್ದು. ನಂಗೆ ಹೊಸ್ದೇನಿಲ್ಲ ಇದ್ರಲ್ಲಿ. ಮೇಡಂ ನಿಜವಾಗ್ಲೂ ಕಾಮೆಂಟ್ ಬರ್ದಿದ್ರು ಅನ್ನೋದು ಮಾತ್ರ ಹೊಸ್ದು. ಅಲ್ಲೇ ಇದಾರಾ ಮೇಡಂ? ಅವ್ರಿಗೆ ಕೊಡಿ.”

“ಪ್ರವೀಣ, ನಾನು...”

“ಮೇಡಂಗೆ ಕೊಡಿ ಸಾರ್.”

ಕೊಟ್ಟೆ. ಗಿರಿಜಾ ಸ್ಪೀಕರ್ ಆರಿಸಿ, ಫೋನ್ ಕಿವಿಗೆ ಹಿಡಿದು ಒಳಮನೆಯ ಬಾಗಿಲಿಗೆ ಹೋಗಿ ನಿಂತಳು. “ಹೂಂನಪ್ಪಾ... ನಾ ಬರ್ದಿದ್ದೆ ನೋಡು... ಖರೇನ ಬರ್ದಿದ್ದೆ” ಎನ್ನುವುದು ಕೇಳಿಸಿತು. ದನಿ ಒಡೆಯಿತು. ಆಮೇಲೆ ಪ್ರವೀಣ ಆ ಕಡೆಯಿಂದ ಏನು ಹೇಳಿದನೋ, ಆಕೆ ಅಳುತ್ತಲೇ ನಕ್ಕಳು. ಇನ್ನೇನೋ ಹೇಳಿದ, ಇನ್ನೂ ಜೋರಾಗಿ ನಕ್ಕಳು. ಚಹಾದ ಮೇಲೆ ಕೆನೆ ಕಟ್ಟುವವರೆಗೂ ಮಾತಾಡಿದರು. ಆಕೆಯ ಬಾಯಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ.

ನಾನು ಮೇಜಿನ ಈ ಬದಿಯಲ್ಲಿ ಕೂತು ಆ ನಗುವನ್ನು ಕೇಳುತ್ತಿದ್ದೆ. ಪ್ರವೀಣ ಏನಂದ ಎಂದು ತಿಳಿದುಕೊಳ್ಳುವ ಆಸೆ ಗಂಟಲವರೆಗೂ ಬಂದಿತ್ತು. ಕೇಳುವ ಹಕ್ಕು ನನಗಿರಲಿಲ್ಲ. ಆಕೆ ಫೋನ್ ಮುಗಿಸುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು, ಗೇಟನ್ನು ಸದ್ದಾಗದಂತೆ ಎಳೆದುಕೊಂಡು ಹೊರಟೆ.